ಇಪ್ಪತ್ನಿಮಿಷದಣ್ಣನ ಭಾಷಣ

ಶೆಡ್ಡಿನ ಜನ ಅವನನ್ನು ಇಪ್ಪತ್ನಿಮಿಷದಣ್ಣ ಎಂದು ಕರೆಯಲು ಶುರುಮಾಡಿ ಎಷ್ಟು ವರ್ಷವಾಯಿತೋ, ಯಾರಿಗೂ ನೆನಪಿಲ್ಲ. ಎದುರಿಗೆ ಬರೀ ‘ಅಣ್ಣ’ ಅನ್ನುವರು. ಬೆನ್ನು ತಿರುಗಿಸಿದ ಮೇಲೆ ‘ಇಪ್ಪತ್ನಿಮಿಷ’. ತಲೆ ಕೆಟ್ಟಾಗ ಎದುರಿಗೇ ಅಂದದ್ದೂ ಉಂಟು. ಅಂದರೆ ಅನ್ನಲಿ ಎಂದು ಆತ ಕೈಗಡಿಯಾರ ನೋಡಿಕೊಂಡು, ಇನ್ನೂ ಹನ್ನೊಂದು ನಿಮಿಷ ಇದೆ ಎಂದು ಹೇಳಿ ಡ್ರಮ್ಮಿನ ಮೇಲೆ ಕುಳಿತುಬಿಡುತ್ತಿದ್ದ. ಬೈದವನ ಕೋಪ ಅಷ್ಟರಲ್ಲಿ ಆರಿಹೋಗುತ್ತಿತ್ತು, ಇಲ್ಲವೇ ಬೈಯಲು ಬೇರೆ ಯಾರಾದರೂ ಸಿಗುತ್ತಿದ್ದರು.

ಅದು ಕ್ರೇನು, ಬುಲ್ಡೋಜರು, ರೋಡ್‌ರೋಲರುಗಳನ್ನು ಬಿಚ್ಚಿ ರಿಪೇರಿ ಮಾಡುವ ಶೆಡ್ಡು. ಬಿಚ್ಚಿದ ಭಾಗಗಳು ಮತ್ತೆ ಜೋಡಣೆಗೆ ಹೋಗುವ ಮೊದಲು ಅಣ್ಣನ ಮೇಜು ಹತ್ತಿ ಇಳಿಯಬೇಕು. ಆತನ ಕೆಲಸ ಬಿರುಕು ಹುಡುಕುವುದು. ಕಣ್ಣಿಗೆ ಕಾಣುವ ಬಿರುಕನ್ನು ಯಾರು ಬೇಕಾದರೂ ಹುಡುಕಿಯಾರು. ಕಾಣದ ಬಿರುಕಿಗೆ ಒಂದು ಡಬ್ಬಿ ಕೆಂಪು ದ್ರವ, ಒಂದು ಡಬ್ಬಿ ಬಿಳಿ ಸ್ಪ್ರೇ ಮತ್ತು ಅಣ್ಣನಂಥ ಒಬ್ಬ ಮನುಷ್ಯ ಬೇಕು. ಮೊದಲು ಭಾಗವನ್ನು ಜಿಡ್ಡು, ತುಕ್ಕು, ಬಣ್ಣ ಒಂದೂ ಇರದಂತೆ ತೊಳೆದು ಒಣಗಿಸಬೇಕು. ಮೇಲೆ ಕೆಂಪು ಬಳಿಯಬೇಕು. ಆ ಕೆಂಪು ಕೂದಲಿಗಿಂತ ಸಣ್ಣ ಬಿರುಕಿಗೂ ಇಳಿಯುತ್ತದೆ, ಆದರೆ ಅದರ ಪಾಡಿಗೆ ಅದು, ನಿಧಾನವಾಗಿ. ಅದಕ್ಕೇ ಇಪ್ಪತ್ತು ನಿಮಿಷ. ಆಮೇಲೆ ಮೇಲಿನ ಕೆಂಪನ್ನು ಬಟ್ಟೆಯಿಂದ ಒರೆಸಿ ಬಿಳಿ ಹೊಡೆದರೆ, ಒಳಗೆ ಅಡಗಿ ಕೂತ ಕೆಂಪು ಮೆಲ್ಲಗೆ ಹೊರಗೆ ಇಣುಕಿ ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಗೆರೆ ಬಂತೋ, ಆ ಭಾಗದ ಕಥೆ ಮುಗಿಯಿತು. ಬರಲಿಲ್ಲವೋ, ಅಣ್ಣ ಸೀಮೆಸುಣ್ಣದಲ್ಲಿ ‘ಸರಿ’ ಎಂದು ಬರೆಯುತ್ತಾನೆ. ಅಣ್ಣ ‘ಸರಿ’ ಬರೆದ ಮೇಲೆ ಆ ಶೆಡ್ಡಿನಲ್ಲಿ ಯಾರೂ ಎರಡನೇ ಸಲ ನೋಡಿದ್ದಿಲ್ಲ.

ಆತನ ಮೂಲೆಗೆ ಆತನದೇ ಕಾನೂನು. ಫ್ಯಾನು ತಿರುಗುತ್ತಿರಬೇಕು, ಕಿಟಕಿ ತೆರೆದಿರಬೇಕು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇಲ್ಲದವರು ನೆಲದ ಹಳದಿ ಗೆರೆ ದಾಟಕೂಡದು. ಒರೆಸಿದ ಬಟ್ಟೆ ಮುಚ್ಚಳವಿರುವ ಡ್ರಮ್ಮಿಗೇ ಹೋಗಬೇಕು. ಆ ಡಬ್ಬಿಗಳಲ್ಲಿರುವುದು ಫಕ್ಕನೆ ಹತ್ತಿಕೊಳ್ಳುವ ಮಾಲಾದ್ದರಿಂದ ಬೆಂಕಿಯ ಮಾತಂತೂ ಎತ್ತುವ ಹಾಗೇ ಇಲ್ಲ. ಒಮ್ಮೆ ವೆಲ್ಡರು ಮರೆತು ಸಿಗರೇಟು ಕಚ್ಚಿಕೊಂಡು ಗೆರೆಯವರೆಗೆ ಬಂದ. ಅಣ್ಣ ಮಾತೇ ಆಡದೆ ಚೊಂಬಿನ ನೀರನ್ನು ಅವನ ಮುಖಕ್ಕೆ ಎರಚಿ, ಆಮೇಲೆ ಏನು ಬೇಕಿತ್ತಪ್ಪ ಎಂದು ವಿಚಾರಿಸಿದ. ಇಷ್ಟೆಲ್ಲ ಮಾಡಿಯೂ ಆತನ ಅಂಗೈ ಸದಾ ಕೆಂಪಗೇ ಇರುತ್ತಿತ್ತು. ಬಿರುಕಿಗೇ ನುಗ್ಗುವ ಮಾಲು ಗ್ಲೌಸಿನ ಹೊಲಿಗೆಗೆ ನುಗ್ಗದೆ ಬಿಡುತ್ತದೆಯೇ ಎನ್ನುವನು. ಒಮ್ಮೆ ಜ್ವರವೆಂದು ಆಸ್ಪತ್ರೆಗೆ ಹೋದಾಗ ನರ್ಸು ಕೈ ನೋಡಿ ನೇರವಾಗಿ ಬ್ಯಾಂಡೇಜು ತರಲು ಓಡಿದ್ದಳು.

ಮನೆಯಲ್ಲೂ ಅದೇ ಕಥೆ. ಮದುವೆಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗ ಈತ ಗಡಿಯಾರ ನೋಡಿಕೊಂಡು ಸುಮ್ಮನೆ ಕುಳಿತನಂತೆ. ಹುಡುಗ ಮೂಗನಿರಬಹುದೇ ಎಂದು ಹುಡುಗಿಯ ಕಡೆಯವರು ಗುಸುಗುಸು ಮಾಡಿ ಏಳುವಷ್ಟರಲ್ಲಿ ‘ಒಪ್ಪಿಗೆ’ ಎಂದನಂತೆ. ಅವತ್ತು ಹತ್ತೊಂಬತ್ತನೇ ನಿಮಿಷಕ್ಕೆ ಎದ್ದು ಹೊರಟಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಜಗಳವಾಡುವುದಂತೂ ಅವಳಿಗೆ ದೊಡ್ಡ ಫಜೀತಿ. ಬೆಳಿಗ್ಗೆ ಹಾಲು ಉಕ್ಕಿಸಿದ್ದಕ್ಕೆ ಬೈದರೆ ಈತ ಯೋಚಿಸಿ ಉತ್ತರ ಕೊಡುವ ಹೊತ್ತಿಗೆ ಅವಳು ಒದ್ದೆ ಟವೆಲ್ಲಿನ ಜಗಳಕ್ಕೆ ದಾಟಿರುತ್ತಿದ್ದಳು. ಹಾಲಿನ ಉತ್ತರ ಟವೆಲ್ಲಿಗೆ ಹೊಂದುತ್ತಿರಲಿಲ್ಲ. ಒಮ್ಮೆ ಅವಳು ಊರಲ್ಲಿಲ್ಲದಾಗ ಪ್ರೆಷರ್ ಕುಕ್ಕರಿನ ಮುಚ್ಚಳಕ್ಕೆ ಕೆಂಪು ಬಳಿದು ನೋಡಿ, ಉಗುರಿನಷ್ಟು ಗೆರೆ ಕಂಡು, ಕುಕ್ಕರಿನಲ್ಲಿ ಗಿಡ ನೆಟ್ಟುಬಿಟ್ಟ. ಅವಳ ತವರಿನವರು ಕೊಟ್ಟ ಕುಕ್ಕರದು. ಗಿಡ ಮಾತ್ರ ಚೆನ್ನಾಗಿ ಬಂತು.

ಪಕ್ಕದ ಮನೆಯವರ ಗೇಟಿನ ಕೀಲಿನ ಮೇಲೂ ಒಂದು ಭಾನುವಾರ ಕೈಯಾಡಿಸಿ, ಇದು ಎರಡು ತಿಂಗಳು ಬಾಳೀತು ಅಂದ. ಎರಡು ತಿಂಗಳಿಗೆ ಸರಿಯಾಗಿ ಗೇಟು ಬಿತ್ತು. ಉಪಕಾರ ನೆನೆಯುವುದು ಬಿಟ್ಟು, ಬೀಳಿಸಿದ್ದು ಇವನೇ ಇರಬೇಕು ಎಂದು ಅವರು ಬೀದಿಯೆಲ್ಲ ಹೇಳಿಕೊಂಡು ತಿರುಗಿದರು. ಲೋಕವೇ ಹಾಗೆ, ಒಳ್ಳೆಯ ಮಾತು ಹೇಳಿದವನನ್ನೇ ಮೊದಲು ಹಿಡಿಯುತ್ತದೆ.

ಹೆಂಡತಿಯ ತಮ್ಮನೂ ಅದೇ ಶೆಡ್ಡಿನಲ್ಲಿದ್ದ. ಕ್ರೇನಿನ ಹುಕ್ಕಿಗೆ ಸರಪಳಿ ಸಿಕ್ಕಿಸಿ, ಏಳುವ ಭಾರದ ಜೊತೆಯಲ್ಲೇ ನಡೆದು ಅದನ್ನು ದಾರಿಗೆ ತರುವ ಕೆಲಸ. ಅವನಿಗೆ ಶೆಡ್ಡಿನವರು ಇಟ್ಟ ಹೆಸರು ಅರ್ಜೆಂಟ್. ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಚಪ್ಪಲಿ ಹಾಕಿಕೊಂಡು ಕೆಲಸಕ್ಕೆ ಬಂದವನು. ಊಟದ ಹೊತ್ತಿನಲ್ಲಿ ಭಾವನಂತೆ ಡ್ರಮ್ಮಿನ ಮೇಲೆ ಕುಳಿತು ಗಡಿಯಾರ ನೋಡುವುದನ್ನು ಅಭಿನಯಿಸಿ ತೋರಿಸಿ ಎಲ್ಲರ ಹೊಟ್ಟೆ ಹುಣ್ಣಾಗಿಸುತ್ತಿದ್ದ. ನಮ್ಮ ಭಾವನನ್ನು ಕರೆದೊಯ್ಯಲು ಯಮ ಬಂದರೂ ಇಪ್ಪತ್ತು ನಿಮಿಷ ಕೂತ್ಕೋ ಅಂತಾರೆ ಎನ್ನುವನು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಣ್ಣ ಗೊಣಗುವನು. ಹೆಂಡತಿ ಮಾತ್ರ ಇಬ್ಬರ ಮಧ್ಯೆ ಯಾವಾಗಲೂ ತಮ್ಮನ ಕಡೆ. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿ, ತುತ್ತಿಟ್ಟು ಬೆಳೆಸಿದವಳು ಇವಳೇ. ಅವನಿಗೆ ಏನಾದರೂ ಆದರೆ ತಾನು ಉಳಿಯುವುದಿಲ್ಲ ಎಂದು ಅವಳು ಹೇಳಿದರೆ ಅದು ಬಾಯಿಮಾತಲ್ಲ ಎಂದು ಅಣ್ಣನಿಗೆ ಗೊತ್ತಿತ್ತು.

ಹೀಗಿರುವಾಗ ಯಜಮಾನರಿಗೆ ಒಂದು ಹುಕಿ ಬಂತು. ಆ ವರ್ಷ ಶೆಡ್ಡಿನಲ್ಲಿ ಒಬ್ಬರ ಬೆರಳೂ ಜಜ್ಜಿರಲಿಲ್ಲ. ಅದನ್ನು ನಾಲ್ಕು ಜನ ನೋಡಲಿ ಎಂದು ಅಂಗಳದಲ್ಲಿ ಶಾಮಿಯಾನ ಹಾಕಿಸಿ ಸಮಾರಂಭ ಇಟ್ಟುಕೊಂಡರು. ಕಾರ್ಖಾನೆಗಳ ಸುರಕ್ಷತೆ ನೋಡುವ ದೊಡ್ಡ ಅಧಿಕಾರಿಯೊಬ್ಬರನ್ನು ಅತಿಥಿಯಾಗಿ ಕರೆದರು. ‘ವರ್ಷದ ಸುರಕ್ಷಿತ ಕೆಲಸಗಾರ’ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಅಣ್ಣನಿಗೆ ಒಂದು ಗೋಡೆ ಗಡಿಯಾರ, ಒಂದು ಕಟ್ಟು ಹಾಕಿಸಿದ ಪ್ರಶಸ್ತಿಪತ್ರ. ಕೊನೆಯಲ್ಲಿ, ರಿಪೇರಿಯಾದ ದೊಡ್ಡ ಕ್ರೇನಿನಿಂದ ನೀರು ತುಂಬಿದ ಕಬ್ಬಿಣದ ಟ್ಯಾಂಕೊಂದನ್ನು ಎಲ್ಲರೆದುರು ಎತ್ತಿ ತೋರಿಸುವುದು. ಏಳುತ್ತಿರುವ ಟ್ಯಾಂಕಿನ ಮೇಲೆ ಕೈ ಇಟ್ಟು ಅರ್ಜೆಂಟ್ ಫೋಟೊಗೆ ನಿಲ್ಲುವುದು. ಈ ಕೊನೆಯದು ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ, ಅರ್ಜೆಂಟ್ ತಾನೇ ಸೇರಿಸಿಕೊಂಡಿದ್ದ.

ಹೆಂಡತಿ ಗಂಡನಿಗೆ ಹೊಸ ಅಂಗಿ ತಂದಳು, ಅದೂ ಬಿಳಿ. ಬಿಳಿಯೇ ಯಾಕೆ ಎಂದು ಕೇಳಬೇಡಿ. ಇಷ್ಟು ವರ್ಷ ಕೆಂಪು ಬಟ್ಟೆ ಉಜ್ಜಿ ಉಜ್ಜಿ ಕೈ ಸವೆಸಿದವಳಿಗೆ, ಒಂದು ದಿನವಾದರೂ ಗಂಡನನ್ನು ಬಿಳಿಯಲ್ಲಿ ನೋಡುವ ಆಸೆ. ಇಸ್ತ್ರಿ ಮಾಡಿ ಬೆಳಿಗ್ಗೆಯೇ ತೊಡಿಸಿ, ಇದರ ಮೇಲೆ ಒಂದೇ ಒಂದು ಕೆಂಪು ಹನಿ ಬಿದ್ದರೂ ಮನೆಗೆ ಬರಬೇಡಿ ಎಂದು ಬಾಗಿಲಲ್ಲಿ ಹೇಳಿ ಕಳಿಸಿದಳು. ಅಣ್ಣ ಯಾರಿಗೂ ಹೆದರದವನು, ಈ ಒಂದು ಮಾತಿಗೆ ಹೆದರಿದ.

ಸಮಾರಂಭ ಮಧ್ಯಾಹ್ನಕ್ಕೆ. ಬೆಳಿಗ್ಗೆ ಹೋಗಿ ನೋಡಿದರೆ ಮೇಜಿನ ಮೇಲೆ ಕ್ರೇನಿನ ಹುಕ್ಕು ಕೂತಿದೆ. ಇಬ್ಬರು ಸೇರಿ ಏದುಸಿರು ಬಿಟ್ಟು ಎತ್ತಿಟ್ಟ ಹುಕ್ಕು. ಪರೀಕ್ಷೆಗೆ ಉಳಿದದ್ದು ಅದೊಂದೇ. ಕೆಲಸದ ಕೋಟು ಮೊಳೆಗೆ ನೇತಾಡುತ್ತಿತ್ತು, ಒಳಗೂ ಹೊರಗೂ ಕೆಂಪು. ಅದನ್ನು ಮೇಲೆ ಹಾಕಿಕೊಂಡರೆ ಬಿಳಿ ಅಂಗಿಯ ಕಾಲರು ಕ್ಷಣದಲ್ಲಿ ಹಾಳು. ಅಣ್ಣ ಕೋಟು ಮುಟ್ಟಲಿಲ್ಲ. ಹುಕ್ಕು ತೊಳೆದ, ಒಣಗಿಸಿದ, ಕೆಂಪು ಬಳಿದ, ಎಲ್ಲವನ್ನೂ ಕೈ ಉದ್ದಕ್ಕೆ ಚಾಚಿ, ಹೊಟ್ಟೆ ಒಳಗೆಳೆದುಕೊಂಡು. ಇಪ್ಪತ್ತು ನಿಮಿಷ ಕಾದ. ಯಜಮಾನರು ಎರಡು ಸಲ ಬಂದು ಕೆಮ್ಮಿ ಹೋದರೂ ಅರ್ಧ ನಿಮಿಷವನ್ನೂ ಬಿಟ್ಟುಕೊಡಲಿಲ್ಲ.

ಆಮೇಲೆ ಒರೆಸಬೇಕು. ಒರೆಸುವುದೆಂದರೆ ಹುಕ್ಕಿನ ಮೇಲೆ ಬಾಗಬೇಕು, ಬಾಗಿದರೆ ತೋಳು ಕೆಂಪಿಗೆ ತಾಗುತ್ತದೆ. ಅಣ್ಣ ತೋಳು ನೋಡಿಕೊಂಡ. ಪಕ್ಕದಲ್ಲಿ ಜಿಡ್ಡು ತೊಳೆಯುವ ಕ್ಲೀನರ್ ಸ್ಪ್ರೇಯ ಡಬ್ಬಿ ಇತ್ತು. ಮೂರಡಿ ದೂರ ನಿಂತು, ಗಿಡಕ್ಕೆ ನೀರು ಹೊಡೆಯುವ ಹಾಗೆ, ಕ್ಲೀನರನ್ನು ನೇರವಾಗಿ ಹುಕ್ಕಿನ ಮೇಲೆಯೇ ಹೊಡೆದ. ಕೆಂಪೆಲ್ಲ ಇಳಿದು ತಟ್ಟೆಗೆ ಬಿತ್ತು. ಅಂಗಿಗೆ ಒಂದು ಹನಿಯೂ ತಾಗಲಿಲ್ಲ. ಬಿಳಿ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು ನೋಡಿದ. ಹುಕ್ಕು ಹಾಲಿನಷ್ಟು ಬಿಳಿ, ಒಂದು ಗೆರೆಯಿಲ್ಲ. ‘ಸರಿ’ ಎಂದು ಬರೆದು ತಲೆ ಬಾಚಿಕೊಳ್ಳಲು ಕನ್ನಡಿಯ ಹತ್ತಿರ ಹೋದ.

ಇಲ್ಲಿ ಏನೋ ಎಡವಟ್ಟಾಯಿತು ಎಂದು ನಿಮಗೆ ಅನ್ನಿಸಿದ್ದರೆ, ನೀವು ಅವತ್ತಿನ ಅಣ್ಣನಿಗಿಂತ ಜಾಣರು. ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಕೆಂಪು ಹೋಗಿ ಬಿರುಕಿನೊಳಗಿನದು ಉಳಿಯುತ್ತದೆ. ನೇರವಾಗಿ ಹೊಡೆದರೆ ಒಳಗಿನದೂ ತೊಳೆದುಹೋಗುತ್ತದೆ, ಇರುವ ಬಿರುಕೂ ಇಲ್ಲದ ಹಾಗೆ ನಟಿಸುತ್ತದೆ. ಇದು ಅಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಇದೇ ತಪ್ಪು ಮಾಡಿದ ಒಬ್ಬ ಫಿಟ್ಟರನ್ನು ಆತ ಮೂರು ದಿನ ಮಾತಾಡಿಸಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಸುಮ್ಮನೆ ಗಾದೆ ಮಾಡಿದ್ದಾರೆಯೇ. ಇಪ್ಪತ್ತು ನಿಮಿಷವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರಿಂದ ಆತನ ಮನಸ್ಸಾಕ್ಷಿ ಹೊಟ್ಟೆ ತುಂಬಿ ಮಲಗಿತ್ತು. ಕಳ್ಳ ಬಂದದ್ದು ಹಿತ್ತಿಲ ಬಾಗಿಲಿಂದ.

ಮಧ್ಯಾಹ್ನ ಶಾಮಿಯಾನ ತುಂಬಿತು. ಎದುರಿಗೆ ಬಿಸಿಲಲ್ಲಿ ಕ್ರೇನು, ಕೆಳಗೆ ಟ್ಯಾಂಕು, ಪಕ್ಕದಲ್ಲಿ ಕೂದಲಿಗೆ ನೀರು ಹಚ್ಚಿಕೊಂಡ ಅರ್ಜೆಂಟ್. ಮೂರನೇ ಸಾಲಿನಲ್ಲಿ ಹೆಂಡತಿ. ವೇದಿಕೆಗೆ ಕರೆದಾಗ ಅಣ್ಣ ಹೋದ ರೀತಿ ನೋಡಿ ಅವಳಿಗೆ ನಗು ಬಂತು, ಅಂಗಿಗೆ ಮಡಿಕೆ ಬೀಳಬಾರದೆಂದು ಕೈಗಳನ್ನು ಬಗಲಿನಿಂದ ದೂರ ಹಿಡಿದು ನಡೆಯುತ್ತಿದ್ದ. ಅಧಿಕಾರಿಗಳು ಗಡಿಯಾರ ಕೊಟ್ಟರು, ಪತ್ರ ಕೊಟ್ಟರು, ಕೈ ಕುಲುಕಿ ತಮ್ಮ ಕೈಗೆ ಬಣ್ಣ ಹತ್ತಿತೇ ಎಂದು ಮೆಲ್ಲಗೆ ನೋಡಿಕೊಂಡರು. ಎಲ್ಲರಿಗೂ ವಂದನೆ ಎಂದಷ್ಟೇ ಹೇಳಿ ಇಳಿಯುವುದು ಅಣ್ಣನ ಲೆಕ್ಕ. ಅಷ್ಟೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆದರೆ ಅಧಿಕಾರಿಗಳು ಬಿಡಲಿಲ್ಲ. ಹೇಗೆ ಕೆಲಸ ಮಾಡುತ್ತೀರಿ, ನಾಲ್ಕು ಜನ ಕಲಿಯಲಿ, ಹೇಳಿ ಎಂದು ಮೈಕು ಕೈಗೆ ಕೊಟ್ಟರು. ಅತ್ತ ಯಜಮಾನರು, ಭಾಷಣ ಮುಗಿಯುವ ಹೊತ್ತಿಗೆ ಟ್ಯಾಂಕು ಗಾಳಿಯಲ್ಲಿ ಇರಲಿ ಎಂದು ಕ್ರೇನಿನವನಿಗೆ ಕೈಸನ್ನೆ ಮಾಡಿದರು. ಎಂಜಿನು ಗುಡುಗಿತು.

ಮೈಕು ಸಿಕ್ಕಿದ ಮೇಲೆ ಅಣ್ಣನಿಗೂ ಒಂದು ತರಹ ಉಮೇದು ಬಂತು. ತೊಳೆಯುವುದನ್ನು ಹೇಳಿದ, ಒಣಗಿಸುವುದನ್ನು ಹೇಳಿದ. ಗ್ಲೌಸು, ಕನ್ನಡಕ, ಕಿಟಕಿ, ಬೆಂಕಿ, ಮುಚ್ಚಳದ ಡ್ರಮ್ಮು ಒಂದನ್ನೂ ಬಿಡಲಿಲ್ಲ. ಇಪ್ಪತ್ತು ನಿಮಿಷದ ಮಾತು ಬಂದಾಗ ಶೆಡ್ಡಿನವರೆಲ್ಲ ಹೋ ಎಂದು ನಕ್ಕು ಚಪ್ಪಾಳೆ ತಟ್ಟಿದರು. ಅಣ್ಣನೂ ನಕ್ಕು ಮುಂದುವರಿಸಿದ.

“ಆಮೇಲೆ ಬಟ್ಟೇಲಿ ಒರೆಸ್ಬೇಕು. ಎಷ್ಟೇ ಆತುರ ಇರ್ಲಿ, ಕ್ಲೀನರನ್ನ ನೇರವಾಗಿ ಮೇಲೆ ಹೊಡೀಬಾರ್ದು. ಹೊಡೆದ್ರೆ ಒಳಗಿರೋ ಕೆಂಪೂ ತೊಳೆದುಹೋಗಿ, ಬಿರುಕು ಇದ್ರೂ ಅದು…”

ಅಲ್ಲಿಗೆ ನಿಂತ. ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಅಣ್ಣ ಕಾಯುವುದಕ್ಕೆ ಹೆಸರಾದವನಾದ್ದರಿಂದ ಇದೂ ಒಂದು ತಮಾಷೆ ಎಂದುಕೊಂಡು ಜನ ಮತ್ತೆ ನಕ್ಕರು. ಹಿಂದಿನ ಸಾಲಿನವನೊಬ್ಬ, ಇನ್ನು ಹತ್ತೊಂಬತ್ತು ನಿಮಿಷ ಎಂದು ಕೂಗಿದ. ಮೂರನೇ ಸಾಲಿನವಳು ಮಾತ್ರ ನಗಲಿಲ್ಲ. ಗಂಡನ ಮುಖದ ಬಣ್ಣ ಇಳಿದದ್ದು ಅವಳಿಗೆ ಕಂಡಿತ್ತು. ಆತ ನೋಡುತ್ತಿದ್ದದ್ದು ಜನರನ್ನಲ್ಲ, ಜನರ ತಲೆಯ ಮೇಲಿಂದ ಆಚೆಗೆ. ಅಲ್ಲಿ ಟ್ಯಾಂಕು ನೆಲದಿಂದ ಒಂದು ಗೇಣು ಮೇಲೆದ್ದಿತ್ತು. ಅದರ ಮೇಲೆ ಕೈ ಇಟ್ಟು ಅರ್ಜೆಂಟ್ ಹಲ್ಲು ಬಿಟ್ಟು ನಿಂತಿದ್ದ.

“ಇಳಿಸಿ,” ಎಂದ ಅಣ್ಣ ಮೈಕಿನಲ್ಲಿ. “ಆ ಹುಕ್ಕು ಇಳಿಸಿ. ನಾನು ತಪ್ಪು ಮಾಡಿದೀನಿ.”

ಎಂಜಿನಿನ ಸದ್ದಿನಲ್ಲಿ ಕ್ರೇನಿನವನಿಗೆ ಏನೂ ಕೇಳಿಸಲಿಲ್ಲ. ಅರ್ಜೆಂಟ್‌ಗೆ ದನಿಯಷ್ಟೇ ಕೇಳಿಸಿತು, ಭಾವ ಭಾಷಣದಲ್ಲಿ ತನ್ನನ್ನು ಹೊಗಳುತ್ತಿದ್ದಾರೆ ಎಂದುಕೊಂಡು ಕೈ ಬೀಸಿದ. ಅಣ್ಣ ಮೈಕು ಬಿಸಾಕಿ, ಗಡಿಯಾರ ಬಗಲಲ್ಲಿರುವಂತೆಯೇ ವೇದಿಕೆಯಿಂದ ಹಾರಿ ಓಡಿದ. ಆತ ಓಡಿದ್ದನ್ನು ಶೆಡ್ಡಿನಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಓಡುವಾಗ ಮೊಣಕಾಲುಗಳು ಎರಡು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದವು. ಕ್ರೇನಿನ ಮೂತಿಯೆದುರು ಹೋಗಿ ನಿಂತು, ಗಡಿಯಾರವನ್ನು ತೊಡೆಗಳ ಮಧ್ಯೆ ಸಿಕ್ಕಿಸಿಕೊಂಡು, ಎರಡೂ ಅಂಗೈ ಎತ್ತಿ ಹಿಡಿದ. ಮೇಲೆ ಕೂತವನಿಗೆ ಕಂಡದ್ದು ಎರಡು ಕೆಂಪು ಅಂಗೈ. ಕೆಂಪು ಕಂಡರೆ ನಿಲ್ಲಿಸಬೇಕು ಎಂಬುದಂತೂ ಅವನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ನಿಲ್ಲಿಸಿದ. ಇಳಿಸು ಎಂಬ ಸನ್ನೆ ಕಂಡು ಮೆಲ್ಲಗೆ ಇಳಿಸಿದ. ಟ್ಯಾಂಕು ನೆಲಕ್ಕೆ ಕೂತ ಮೇಲೆಯೇ ಅಣ್ಣ ಉಸಿರು ಬಿಟ್ಟದ್ದು.

ಯಜಮಾನರು ನಗುಮುಖ ಇಟ್ಟುಕೊಂಡೇ ಹತ್ತಿರ ಬಂದು, ಹಲ್ಲಿನ ಸಂದಿಯಲ್ಲಿ ಮಾತಾಡಿದರು. ಸರಿ ಅಂತ ಬೆಳಿಗ್ಗೆಯೇ ಬರೆದಾಗಿದೆ, ಈಗೇನು ಹೊಸ ರಾಗ, ಜನರೆದುರು ಮರ್ಯಾದೆ ತೆಗೆಯಬೇಡ, ನಾಳೆ ಬೇಕಾದರೆ ಮತ್ತೆ ನೋಡಿಕೋ ಎಂದರು.

“ಸಾರ್, ಸರಿ ಅಂತ ಬರೆದವನು ನಾನೇ. ಅದಕ್ಕೇ ಹೇಳ್ತಿದೀನಿ,” ಎಂದ. “ಅದನ್ನ ನಂಬಬೇಡಿ.”

ಅಧಿಕಾರಿಗಳೂ ಬಂದು ವಿಷಯ ಕೇಳಿ, ಆಗಲಿ, ಇಲ್ಲೇ ಮತ್ತೆ ಪರೀಕ್ಷೆ ಮಾಡಿ, ನಾವೂ ನೋಡೋಣ ಎಂದರು. ಹೇಳುವಾಗ ಇದು ಐದು ನಿಮಿಷದ ಕೆಲಸ ಎಂದುಕೊಂಡಿದ್ದರು, ಪಾಪ.

ಹುಕ್ಕು ಬಿಚ್ಚಿ ಮುಟ್ಟಿ ನೋಡಿದರೆ ಬಿಸಿಲಿಗೆ ಕಾದು ಹೋಗಿತ್ತು. ಕಾದ ಕಬ್ಬಿಣದ ಮೇಲೆ ಕೆಂಪು ಒಣಗಿಬಿಡುತ್ತದೆ, ಬಿರುಕಿಗೆ ಇಳಿಯುವುದಿಲ್ಲ. ನೆರಳು ಬೇಕು. ಅಂಗಳದಲ್ಲಿ ಇದ್ದ ನೆರಳು ಶಾಮಿಯಾನ ಒಂದೇ, ಅದರಲ್ಲೂ ಗಾಳಿ ಚೆನ್ನಾಗಿ ಆಡುವ ಜಾಗ ಮೊದಲ ಸಾಲು. ಹೀಗಾಗಿ ಗಣ್ಯರನ್ನೆಲ್ಲ ಎಬ್ಬಿಸಿ, ಅವರ ಜಾಗದಲ್ಲಿ ಹುಕ್ಕನ್ನು ಗೌರವದಿಂದ ಇರಿಸಲಾಯಿತು. ಅದು ತಣ್ಣಗಾಗುವವರೆಗೆ ಗಣ್ಯರು ಬಿಸಿಲಲ್ಲಿ ನಿಂತರು. ಬೇಸರಕ್ಕೆ ಅಧಿಕಾರಿಗಳು ಸಿಗರೇಟು ತೆಗೆದು ಬಾಯಿಗಿಟ್ಟರು. ಅಣ್ಣ ಚೊಂಬು ಹುಡುಕುತ್ತಿದ್ದಾನೆ ಎಂದು ಗೊತ್ತಾದ ವೆಲ್ಡರು ಓಡಿ ಹೋಗಿ, ಸಾಹೇಬರೇ ದಯವಿಟ್ಟು ಜೇಬಿಗೆ ಹಾಕಿಕೊಳ್ಳಿ, ಆಮೇಲೆ ನನ್ನನ್ನು ನೆನೆಸಿಕೊಳ್ಳುತ್ತೀರಿ ಎಂದು ಕೈ ಮುಗಿದ.

ಈ ಸಲ ಅಣ್ಣ ಹುಕ್ಕನ್ನು ದೂರದಿಂದ ಮುಟ್ಟಲಿಲ್ಲ. ಕೋಟು ತರಲೂ ಪುರಸೊತ್ತಿಲ್ಲದವನಂತೆ, ಗ್ಲೌಸು ಕನ್ನಡಕವಷ್ಟೇ ಹಾಕಿಕೊಂಡು ಮಂಡಿಯೂರಿ, ಮಗುವಿಗೆ ಸ್ನಾನ ಮಾಡಿಸುವವನ ಹಾಗೆ ಅದನ್ನು ತಬ್ಬಿ ಹಿಡಿದು ತೊಳೆದ. ಕೆಂಪು ಬಳಿದ. ಅಂಗಿಯ ತೋಳು ಹೋಯಿತು, ಎದೆ ಹೋಯಿತು, ಕಾಲರು ಹೋಯಿತು. ಹೆಂಡತಿ ಎದ್ದು ನಿಂತು ನೋಡುತ್ತಿದ್ದಳು. ಬಳಿದಾದ ಮೇಲೆ ಆತ ಬಹುಮಾನದ ಗಡಿಯಾರವನ್ನು ಕುರ್ಚಿಯ ಮೇಲೆ ಒರಗಿಸಿಟ್ಟ. ಊರಿಗೆಲ್ಲ ಕಾಣುವಷ್ಟು ದೊಡ್ಡ ಗಡಿಯಾರ. ನೂರು ಜನ ಅದರ ಮುಳ್ಳು ನೋಡುತ್ತ ಕುಳಿತರು.

ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಅವತ್ತು ಎಲ್ಲರಿಗೂ ಗೊತ್ತಾಯಿತು. ಆರನೇ ನಿಮಿಷಕ್ಕೆ ಯಜಮಾನರು ಎರಡನೇ ಸಲ ಸ್ವಾಗತ ಭಾಷಣ ಮಾಡಿದರು. ಹತ್ತಕ್ಕೆ ಅಧಿಕಾರಿಗಳು ಕುಳಿತಲ್ಲೇ ತೂಕಡಿಸಿ ಪಕ್ಕದ ಫಿಟ್ಟರನ ಹೆಗಲಿಗೆ ತಲೆಯಿಟ್ಟರು. ಫಿಟ್ಟರು ಅಲುಗಾಡದೆ, ಫೋಟೊ ತೆಗೆಯುವವನಿಗೆ ಕಣ್ಸನ್ನೆ ಮಾಡಿದ. ಅರ್ಜೆಂಟ್ ಅತ್ತಿಂದಿತ್ತ ಇತ್ತಿಂದತ್ತ ತಿರುಗಿ, ಹೇಗಿದ್ದರೂ ಏನೂ ಇರಲ್ಲ, ಭಾವ ಸುಮ್ಮನೆ ತಮ್ಮ ಆಟ ತೋರಿಸ್ತಿದಾರೆ ಎಂದು ನಾಲ್ಕು ಜನಕ್ಕೆ ಹೇಳಿ ಬಂದ.

ಸಮಯವಾಯಿತು. ಅಣ್ಣ ಒಣ ಬಟ್ಟೆಯಲ್ಲಿ ಒರೆಸಿದ. ಇನ್ನೊಂದು ಬಟ್ಟೆಗೆ ತುಸುವೇ ಕ್ಲೀನರು ಹಾಕಿ, ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಮತ್ತೆ ಒರೆಸಿದ. ಬಿಳಿ ಸ್ಪ್ರೇಯನ್ನು ತೆಳ್ಳಗೆ ಹೊಡೆದು ಹಿಂದೆ ಸರಿದ. ಒಳಗೇನೂ ಇರದಿರಲಿ ಎಂದು ಮನಸ್ಸು ಬೇಡುತ್ತಿತ್ತು. ಏನೂ ಇರದಿದ್ದರೆ ನೂರು ಜನ ನಗುತ್ತಾರೆ, ನಗಲಿ, ಸಾಯುವವರೆಗೂ ನಗಲಿ. ಬಹುಮಾನ ಕಿತ್ತುಕೊಳ್ಳಲಿ. ಅಷ್ಟು ಮನಸ್ಸಿಟ್ಟು ಆತ ಹಿಂದೆ ಯಾವುದನ್ನೂ ಬೇಡಿಕೊಂಡಿರಲಿಲ್ಲ.

ಮೂರನೇ ನಿಮಿಷಕ್ಕೆ ಹುಕ್ಕಿನ ಒಳಬಾಗಿನಲ್ಲಿ, ಸರಪಳಿ ಕೂರುವ ಜಾಗದಲ್ಲಿ, ಒಂದು ಕೆಂಪು ಚುಕ್ಕೆ ಕಂಡಿತು. ಪಕ್ಕದಲ್ಲಿ ಇನ್ನೊಂದು. ನೋಡನೋಡುತ್ತ ಅವೆರಡೂ ಕೂಡಿ ಎಳೆಯಾದವು. ಹತ್ತು ನಿಮಿಷ ಮುಗಿಯುವಷ್ಟರಲ್ಲಿ ಬೆರಳುದ್ದದ ಗೆರೆ, ಉಗುರಿನಲ್ಲಿ ಗೀರಿದಷ್ಟು ಸ್ಪಷ್ಟವಾಗಿ. ಅರ್ಜೆಂಟ್ ಜನರನ್ನು ಸರಿಸಿಕೊಂಡು ಮುಂದೆ ಬಂದು ಗೆರೆಯನ್ನು ನೋಡಿದ, ಟ್ಯಾಂಕನ್ನು ನೋಡಿದ, ಅದರ ಮೇಲೆ ಇಟ್ಟಿದ್ದ ತನ್ನ ಕೈ ನೋಡಿಕೊಂಡ. ಆಮೇಲೆ ಆ ಕೈಯನ್ನು ಜೇಬಿಗೆ ಹಾಕಿಕೊಂಡ.

ಮೊದಲು ಚೇತರಿಸಿಕೊಂಡವರು ಯಜಮಾನರು. ಎಂಥ ಕಣ್ಣು ನೋಡಿ ನಮ್ಮವನದು ಎಂದು ಚಪ್ಪಾಳೆ ಶುರುಮಾಡಿದರು. ಜನವೂ ಸೇರಿಕೊಂಡರು. ಅಣ್ಣ ಕೆಂಪು ಕೈ ಎತ್ತಿ ನಿಲ್ಲಿಸಿದ. ಇದನ್ನು ಸರಿ ಎಂದು ಕಳಿಸಿದ್ದೂ ತಾನೇ, ಅಂಗಿ ಉಳಿಸಿಕೊಳ್ಳಲು ಹೋಗಿ ಕಳಿಸಿದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವೇದಿಕೆಯಲ್ಲೇ ಬಿಟ್ಟು ಬಂದಿದ್ದ ಪ್ರಶಸ್ತಿಪತ್ರವನ್ನು ಅಲ್ಲಿನ ಮೇಜಿನ ಮೇಲೆ ವಾಪಸಿಟ್ಟ. ಅಧಿಕಾರಿಗಳು ಬೇಡವೆಂದರೂ ಕೇಳಲಿಲ್ಲ. ಆಮೇಲೆ ಇದ್ದಲ್ಲೇ ನೆಲಕ್ಕೆ ಕೂತ. ನೀರು ತಂದು ಕೊಟ್ಟವನು ಅರ್ಜೆಂಟ್. ಏನಾದರೊಂದು ಕೀಟಲೆ ಮಾಡುತ್ತಾನೆ ಎಂದು ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಅವನು ಲೋಟ ಖಾಲಿಯಾಗುವವರೆಗೆ ಪಕ್ಕದಲ್ಲಿ ಸುಮ್ಮನೆ ಕೂತಿದ್ದ.

ಸಂಜೆ ಹೆಂಡತಿ ಬಚ್ಚಲಲ್ಲಿ ಅಂಗಿ ಉಜ್ಜುತ್ತಿದ್ದಳು. ಹೋಗುವ ಕಲೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಣ್ಣ ಬಾಗಿಲಲ್ಲಿ ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ. ಅವಳು ಬೈಯಲಿಲ್ಲ.

“ರೀ, ಒಂದು ಮಾತು ಕೇಳ್ತೀನಿ,” ಎಂದಳು ತಲೆಯೆತ್ತದೆ. “ಅವರು ಭಾಷಣ ಮಾಡಿ ಅಂತ ಮೈಕು ಕೊಡದೇ ಇದ್ದಿದ್ರೆ, ನಿಮಗೆ ನೆನಪಾಗ್ತಿತ್ತಾ?”

ಈ ಒಂದು ಪ್ರಶ್ನೆಗೆ ಆತ ಗಡಿಯಾರ ನೋಡಲಿಲ್ಲ.

“ಇಲ್ಲ ಕಣೇ,” ಎಂದ. “ಆಗ್ತಿರ್ಲಿಲ್ಲ.”

ಅವಳ ಕೈ ನಿಂತಿತು. ಸಾಬೂನಿನ ನೊರೆ ಹತ್ತಿದ ತೋಳಲ್ಲೇ ಕಣ್ಣೊರೆಸಿಕೊಂಡಳು, ಉರಿಯಿತು, ಉರಿಯುವುದಕ್ಕೆ ಅಳುತ್ತಿದ್ದೇನೆ ಎಂಬಂತೆ ಒಂದಷ್ಟು ಹೊತ್ತು ಅತ್ತಳು. ಆತ ಏನು ಮಾಡಬೇಕೆಂದು ತೋಚದೆ ಚೊಂಬಿನಲ್ಲಿ ನೀರು ಹಿಡಿದು ನಿಂತ. ಅವಳು ಮುಖ ತೊಳೆದುಕೊಂಡು ಅಂಗಿಯನ್ನು ಹಿಂಡಿ ಬಕೆಟ್ಟಿಗೆ ಹಾಕಿದಳು.

“ಹಾಗಾದ್ರೆ ಇನ್ಮೇಲೆ ದಿನಾ ಮಾಡಿ ಭಾಷಣ,” ಎಂದಳು.

ಅಂದಿನಿಂದ ಮಾಡುತ್ತಿದ್ದಾನೆ. ಮೇಜಿನ ಮೇಲೆ ರೋಲರಿನ ಅಚ್ಚು ಇರಲಿ, ಬುಲ್ಡೋಜರಿನ ಪಿನ್ನು ಇರಲಿ, ಅಣ್ಣ ಅದರ ಮುಂದೆ ನಿಂತು ‘ಎಲ್ಲರಿಗೂ ವಂದನೆ’ ಎಂದು ಶುರುಮಾಡುತ್ತಾನೆ. ಬಾಯಿ ಹೇಳಿದ ಮೇಲೆಯೇ ಕೈ ಮಾಡುತ್ತದೆ. ನೇರವಾಗಿ ಹೊಡೆಯಬಾರದು ಎಂಬ ಮಾತನ್ನು ಎರಡು ಸಲ ಹೇಳುತ್ತಾನೆ. ಹೊಸಬರು ಬಂದವರು, ಪಾಪ ವಯಸ್ಸಾಯಿತು, ಕಬ್ಬಿಣಕ್ಕೆ ಉಪದೇಶ ಮಾಡುತ್ತಿದ್ದಾರೆ ಎಂದು ಮರುಗುತ್ತಾರೆ. ಫಿಟ್ಟರುಗಳಿಗೆ ಅದು ಬಾಯಿಪಾಠವಾಗಿ, ಮಧ್ಯೆ ಒಂದು ಪದ ತಪ್ಪಿದರೂ ಆ ಕಡೆಯ ಮೂಲೆಯಿಂದ ಕೂಗಿ ತಿದ್ದುತ್ತಾರೆ.

ಹುಕ್ಕು ಬಂದ ದಿನ ಮಾತ್ರ ಅರ್ಜೆಂಟ್ ಬರುತ್ತಾನೆ. ಗ್ಲೌಸು, ಕನ್ನಡಕ ಹಾಕಿಕೊಂಡು ಹಳದಿ ಗೆರೆ ದಾಟಿ, ಎದುರಿನ ಡ್ರಮ್ಮಿನ ಮೇಲೆ ಕೂರುತ್ತಾನೆ. ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ, ಕಾಯುವುದನ್ನೂ ಸೇರಿಸಿ, ಕೇಳುತ್ತಾನೆ. ಹೊರಗಿನಿಂದ ಯಾರಾದರೂ ಕರೆದರೆ, ಭಾವ ಮಾತಾಡ್ತಿದಾರೆ, ಮುಗೀಲಿ, ಬರ್ತೀನಿ ಎನ್ನುತ್ತಾನೆ.